ಹಲ್ಲು ಹೋಗುವುದು ವಯಸ್ಸಿನಿಂದಲ್ಲ: ಹಿರಿಯರ ಬಾಯಿಯ ಆರೋಗ್ಯ ಕುರಿತ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಂದೆಗೆ 74 ವರ್ಷ. ರಕ್ತದೊತ್ತಡಕ್ಕೂ ಮೂತ್ರದ ತೊಂದರೆಗೂ ಬಹಳ ಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಎಪ್ಪತ್ತರವರೆಗೆ ಒಂದೂ ಹುಳುಕು ಇಲ್ಲದಿದ್ದವರಿಗೆ ಈ ಎರಡು ವರ್ಷಗಳಲ್ಲಿ ನಾಲ್ಕು ಹಲ್ಲು ಹೋದವು. ರಾತ್ರಿ ಬಾಯಿ ಒಣಗಿ ಎಚ್ಚರವಾಗುತ್ತದೆ. ‘ವಯಸ್ಸಾಯಿತು, ಇನ್ನೇನು’ ಎನ್ನುತ್ತಾರೆ. ಇದು ಸಹಜವೇ?
– ತಿಪಟೂರಿನ ಓದುಗರು

ಉತ್ತರ: ಸಹಜವಲ್ಲ. ವಯಸ್ಸೊಂದೇ ಹಲ್ಲನ್ನು ಉದುರಿಸುವುದಿಲ್ಲವೆಂದು ಮೊದಲು ನಿಮ್ಮ ತಂದೆಯವರಿಗೆ ಹೇಳಿ. 80ನೇ ವಯಸ್ಸಿನಲ್ಲೂ ಕನಿಷ್ಠ 20 ಸ್ವಂತ ಹಲ್ಲುಗಳು ಉಳಿದಿರಬೇಕೆಂಬ ಗುರಿಯೊಡನೆ ಜಪಾನಿನಲ್ಲಿ 1989ರಲ್ಲಿ ‘8020’ ಎಂಬ ಆಂದೋಲನ ಆರಂಭವಾಯಿತು. 2016ರ ಸಮೀಕ್ಷೆಯ ಹೊತ್ತಿಗೆ ಆ ವಯಸ್ಸಿನವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿ ಆ ಗುರಿ ಮುಟ್ಟಿದ್ದರು.

ನಿಮ್ಮ ಪತ್ರದಲ್ಲಿ ಮುಖ್ಯವಾದ ಮಾತು ಬಾಯಿ ಒಣಗುವುದು. ಜೊಲ್ಲು ಬಾಯಿಯನ್ನು ತೊಳೆಯುತ್ತದೆ, ಆಹಾರದಿಂದ ಹುಟ್ಟುವ ಆಮ್ಲದ ತೀವ್ರತೆಯನ್ನು ತಗ್ಗಿಸುತ್ತದೆ, ಸವೆದ ಹಲ್ಲಿಗೆ ಸುಣ್ಣದ ಅಂಶವನ್ನು ಮರಳಿ ಕೊಡುತ್ತದೆ. ಮೂತ್ರ ಹೆಚ್ಚಿಸಿ ರಕ್ತದೊತ್ತಡ ಇಳಿಸುವ ಮಾತ್ರೆ, ಪದೇ ಪದೇ ಮೂತ್ರಕ್ಕೆ ಹೋಗುವುದನ್ನು ತಡೆಯುವ ಮಾತ್ರೆ, ಖಿನ್ನತೆಯ ಮಾತ್ರೆ, ನೆಗಡಿಯ ಮಾತ್ರೆ ಇವುಗಳಲ್ಲಿ ಹಲವು ಜೊಲ್ಲನ್ನು ಕಡಿಮೆ ಮಾಡುತ್ತವೆ, ಎರಡು ಮೂರು ಸೇರಿದರೆ ಇನ್ನಷ್ಟು. ಇದರ ಜೊತೆಗೆ ವರ್ಷಗಳು ಕಳೆದಂತೆ ವಸಡು ಕೆಳಗೆ ಸರಿದು ಹಲ್ಲಿನ ಬೇರು ಹೊರಗೆ ಕಾಣತೊಡಗಿರುತ್ತದೆ. ಬೇರಿನ ಮೇಲೆ ಎನಾಮಲ್ ಕವಚವಿಲ್ಲದ ಕಾರಣ, ಹಲ್ಲಿನ ಮೇಲ್ಭಾಗಕ್ಕೆ ಏನೂ ಮಾಡದಷ್ಟು ಸೌಮ್ಯವಾದ ಆಮ್ಲವೂ ಅದನ್ನು ಕರಗಿಸಬಲ್ಲದು. ಎಪ್ಪತ್ತರವರೆಗೆ ಹುಳುಕೇ ಕಾಣದವರಿಗೆ ಆಮೇಲೆ ಸಾಲು ಸಾಲಾಗಿ ಹಲ್ಲು ಹೋಗುವುದು ಹೀಗೆ.

ಒಮ್ಮೆ ಹಿರಿಯರೊಬ್ಬರ ಬಾಯಿಗೆ ಟಾರ್ಚ್ ಹಿಡಿದಾಗ, ಎಡಗಡೆಯ ಕೆಳಹಲ್ಲುಗಳ ಬುಡದಲ್ಲಿ ಮಾತ್ರ ಕಂದು ಗೀರೊಂದು ಹಲ್ಲಿನಿಂದ ಹಲ್ಲಿಗೆ ಹಬ್ಬಿರುವುದು ಕಂಡಿತು. ಬಲಗಡೆ ಏನೂ ಇರಲಿಲ್ಲ. ಬಾಯಿ ಆರುತ್ತದೆಂದು ಅವರು ದಿನವಿಡೀ ಎಡಗೆನ್ನೆಯೊಳಗೆ ಪೆಪ್ಪರ್‌ಮಿಂಟ್ ಇಟ್ಟುಕೊಳ್ಳುತ್ತಿದ್ದರು. ನಿಮ್ಮ ತಂದೆಯವರಿಗೂ ಪೆಪ್ಪರ್‌ಮಿಂಟ್, ಕಲ್ಲುಸಕ್ಕರೆ ಬೇಡ. ಗುಟುಕು ಗುಟುಕಾಗಿ ನೀರು ಕುಡಿಯಲಿ. ಮಾತ್ರೆಗಳನ್ನು ತಾವಾಗಿ ನಿಲ್ಲಿಸುವುದು ಅಪಾಯ. ಎಲ್ಲ ಚೀಟಿಗಳನ್ನೂ ವೈದ್ಯರ ಮುಂದಿಟ್ಟು, ಯಾವುದನ್ನಾದರೂ ಬದಲಿಸಬಹುದೇ ಎಂದು ಕೇಳಿ. ಫ್ಲೋರೈಡ್ ಇರುವ ಪೇಸ್ಟಿನಿಂದ, ಮೆದು ಬ್ರಷ್ಷಿನಲ್ಲಿ ದಿನಕ್ಕೆರಡು ಸಲ ಉಜ್ಜಲಿ, ಮಲಗುವ ಮುನ್ನ ಉಜ್ಜುವುದನ್ನಂತೂ ತಪ್ಪಿಸದಿರಲಿ. ನೊರೆಯನ್ನು ಉಗುಳಿದ ಮೇಲೆ ಬಹಳ ನೀರಿನಿಂದ ಮುಕ್ಕಳಿಸದಿದ್ದರೆ ಅದರ ಫಲ ಉಳಿಯುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಇದೆಯಲ್ಲ ಎಂದು ಹಿಂಜರಿಯುತ್ತಾರೆ. ಅಲ್ಲಿ ತೊಂದರೆ ಕೊಡುವುದು ವರ್ಷಗಟ್ಟಲೆ ಕುಡಿದು ಹೊಟ್ಟೆಗಿಳಿಸಿದ ಫ್ಲೋರೈಡ್. ಉಗುಳಿಬಿಡುವ ಪೇಸ್ಟಿಗೆ ಹಿರಿಯರು ಹೆದರಬೇಕಾಗಿಲ್ಲ. ಬೂದಿ, ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಹೊರಬಂದ ಬೇರು ಸವೆಯುತ್ತದೆ.

ಪ್ರಶ್ನೆ: ಅಮ್ಮನಿಗೆ ಪೂರ್ತಿ ಹಲ್ಲುಸೆಟ್ಟು ಹಾಕಿಸಿ ಆರು ವರ್ಷವಾಯಿತು. ಬೋಳುಬಾಯಿ ಕಾಣಬಾರದೆಂದು ರಾತ್ರಿಯೂ ತೆಗೆಯುವುದಿಲ್ಲ. ಈಗ ಅಂಗುಳ ಕೆಂಪಾಗಿ ಉರಿಯುತ್ತದೆ, ಸೆಟ್ಟೂ ಸಡಿಲವಾಗಿದೆ.
– ಉಡುಪಿಯ ಓದುಗರು

ಉತ್ತರ: ಅಮ್ಮನವರ ಸಂಕೋಚ ನನಗೆ ಅರ್ಥವಾಗುತ್ತದೆ, ಅದನ್ನು ಹಗುರಾಗಿ ಕಾಣಬೇಡಿ. ಆದರೆ ಹಗಲೂ ರಾತ್ರಿ ಸೆಟ್ಟಿನಡಿ ಮುಚ್ಚಿಕೊಂಡಿರುವ ಅಂಗುಳದಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರ ಸುಲಭವಾಗಿ ಬೆಳೆಯುತ್ತದೆ, ನೀವು ಹೇಳುವ ಕೆಂಪು ಮತ್ತು ಉರಿ ಬಹುಮಟ್ಟಿಗೆ ಅದೇ ಇರಬೇಕು. ಸಕ್ಕರೆ ಕಾಯಿಲೆಯಿದ್ದವರಿಗೆ ಇದು ಹೆಚ್ಚು. ದಂತವೈದ್ಯರು ನೋಡಿ ಔಷಧ ಕೊಡುತ್ತಾರೆ. ರಾತ್ರಿ ಸೆಟ್ಟು ತೆಗೆಯದಿದ್ದರೆ ಔಷಧ ಮುಗಿದ ಮೇಲೆ ಮತ್ತೆ ಬರುತ್ತದೆ.

ತೆಗೆದ ಸೆಟ್ಟನ್ನು ಮೆದು ಬ್ರಷ್ಷಿನಿಂದ, ಸಾಬೂನು ನೀರಿನಲ್ಲಿ ಉಜ್ಜಿ ತೊಳೆದು, ತಣ್ಣೀರಿನ ಬಟ್ಟಲಲ್ಲಿ ಮುಳುಗಿಸಿಡಿ. ಕುದಿನೀರು ತಾಗಿದರೆ ಸೊಟ್ಟಗಾಗುತ್ತದೆ; ಬರಿಯ ಪೇಸ್ಟಿನಿಂದ ಉಜ್ಜಿದರೆ ಗೀರು ಬಿದ್ದು ಅದರಲ್ಲೇ ಕೊಳೆ ಕೂರುತ್ತದೆ. ಇನ್ನು ಸಡಿಲವಾಗುವುದು: ಹಲ್ಲು ಹೋದ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಕರಗುತ್ತಲೇ ಇರುತ್ತದೆ, ಕೆಳದವಡೆಯಲ್ಲಂತೂ ಇನ್ನೂ ಬೇಗ; ಸೆಟ್ಟು ಮಾತ್ರ ಮೊದಲ ಅಳತೆಯಲ್ಲೇ ಉಳಿಯುತ್ತದೆ. ಒಳಮೈಗೆ ಹೊಸ ಪದರ ಹಾಕಿಸುವುದು ಅಥವಾ ಹೊಸದು ಮಾಡಿಸುವುದೇ ದಾರಿ. ಬಡತನದ ರೇಖೆಗಿಂತ ಕೆಳಗಿರುವ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ಟು ಕೊಡಲೆಂದೇ ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆಯನ್ನು ತಂದಿತ್ತು. ಅಗತ್ಯವಿದ್ದವರು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಬಹುದು.

ಪ್ರಶ್ನೆ: ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದ ಅತ್ತೆಗೆ 86 ವರ್ಷ. ಒಂದು ಹಲ್ಲೂ ಇಲ್ಲ. ದಿನಾ ಬಾಯಿ ಶುಚಿ ಮಾಡಲೇಬೇಕೇ?
– ಹುಬ್ಬಳ್ಳಿಯ ಓದುಗರು

ಉತ್ತರ: ಹಲ್ಲಿರುವವರಿಗಿಂತ ಕಡಿಮೆಯಲ್ಲದಂತೆ ಮಾಡಬೇಕು. ನುಂಗುವ ಶಕ್ತಿ ಕುಂದಿದವರ ಬಾಯಿಯ ಜೊಲ್ಲು, ಅದರಲ್ಲಿರುವ ಕೀಟಾಣುಗಳೊಡನೆ, ನಿದ್ದೆಯಲ್ಲಿ ಸದ್ದಿಲ್ಲದೆ ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ತರಬಲ್ಲದು. ಜಪಾನಿನ ವೃದ್ಧಾಶ್ರಮಗಳಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ರತಿದಿನ ಬಾಯಿ ಶುಚಿ ಮಾಡಿಸಿಕೊಂಡವರಿಗೆ ನ್ಯುಮೋನಿಯಾ ಬಂದದ್ದು ಉಳಿದವರಿಗಿಂತ ಕಡಿಮೆ.

ಅವರನ್ನು ದಿಂಬಿಗೆ ಒರಗಿಸಿ, ಗದ್ದ ಎದೆಯ ಕಡೆಗೆ ತುಸು ಬಾಗುವಂತೆ ಕೂರಿಸಿ. ಬಾಯಿಗೆ ನೀರು ಸುರಿಯಬೇಡಿ. ಶುಭ್ರವಾದ ಮೆದು ಬಟ್ಟೆಯನ್ನು ಬೆರಳಿಗೆ ಸುತ್ತಿ, ನೀರಿನಲ್ಲಿ ಅದ್ದಿ ಹಿಂಡಿ, ವಸಡು, ಅಂಗುಳ, ನಾಲಿಗೆ ಒರೆಸಿ. ಸ್ವಾಧೀನ ತಪ್ಪಿದ ಬದಿಯ ಕೆನ್ನೆಯೊಳಗೆ ಊಟದ ನಂತರ ತಪ್ಪದೆ ಬೆರಳಾಡಿಸಿ ನೋಡಿ. ಬೆಳಿಗ್ಗೆ ತಿನ್ನಿಸಿದ ಇಡ್ಲಿ ಸಂಜೆಯವರೆಗೂ ಅಲ್ಲೇ ಮುದ್ದೆಗಟ್ಟಿ ಕುಳಿತಿದ್ದುದನ್ನು ನಾನು ಕಂಡಿದ್ದೇನೆ, ಆ ಬದಿಗೆ ಅದರ ಅರಿವೇ ಇರುವುದಿಲ್ಲ.

ಪ್ರಶ್ನೆ: ಎಲೆ-ಅಡಿಕೆ, ಹೊಗೆಸೊಪ್ಪು ಹಾಕುವ ಅಜ್ಜಿಯ ಕೆನ್ನೆಯೊಳಗೆ ತಿಂಗಳಿಂದ ಬಿಳಿ ಮಚ್ಚೆಯಿದೆ, ನೋವಿಲ್ಲ. ಕಾಯಬಹುದೇ?
– ಚನ್ನಗಿರಿಯ ಓದುಗರು

ಉತ್ತರ: ಕಾಯಬೇಡಿ. ಹೊಗೆಸೊಪ್ಪು ಮಾತ್ರವಲ್ಲ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ. ಎರಡು ವಾರ ಕಳೆದರೂ ಮಾಯದ ಮಚ್ಚೆಯನ್ನಾಗಲಿ ಹುಣ್ಣನ್ನಾಗಲಿ ವೈದ್ಯರಿಗೆ ತೋರಿಸಲೇಬೇಕು, ಮೊದಮೊದಲಿನ ಬಾಯಿ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. ಈ ವಾರದೊಳಗೇ ಅಜ್ಜಿಯನ್ನು ಕರೆದೊಯ್ಯಿರಿ.