ಅಮ್ಮನ ಶ್ವಾಸಕೋಶದ ಸ್ಕ್ಯಾನ್: ಮೊಮ್ಮಗನನ್ನು ಎತ್ತಿಕೊಳ್ಳಬಹುದಾ?

ಪ್ರಶ್ನೆ: ಡಾಕ್ಟರೇ, ಅಮ್ಮನಿಗೆ 67 ವರ್ಷ. ಮಂಡಿ ಆಪರೇಷನ್ ಆದಮೇಲೆ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಗಲೇ ಸಿಟಿ ಸ್ಕ್ಯಾನ್ ಆಗಿದೆ. ನಾಲ್ಕು ತಿಂಗಳಿಂದ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದಾರೆ. ಆದರೂ ಮೆಟ್ಟಿಲು ಹತ್ತಿದರೆ ಏದುಸಿರು. ಈಗ ನ್ಯೂಕ್ಲಿಯರ್ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಹೆಸರು ಕೇಳಿಯೇ ಅಮ್ಮ ಹೆದರಿದ್ದಾರೆ. ಮನೆಯಲ್ಲಿ ಎಂಟು ತಿಂಗಳ ಮಗುವಿದೆ. ಏನು ಮಾಡುತ್ತಾರೆ, ಎಷ್ಟು ಅಪಾಯ?
– ಒಬ್ಬ ಮಗಳು, ಶಿರಸಿ

ಉತ್ತರ: ನಿಮ್ಮ ಕಡೆಯವರಿಗೆ ನ್ಯೂಕ್ಲಿಯರ್ ಅಂದರೆ ಮೊದಲು ಕೈಗಾ ನೆನಪಾಗುತ್ತದೆ. ಅಮ್ಮನ ಹೆದರಿಕೆ ಸಹಜ. ಆದರೆ ಇಲ್ಲಿ ಬಳಸುವುದು ರೇಡಿಯೇಷನ್ ಸೂಸುವ ಟೆಕ್ನೀಶಿಯಂ ಎಂಬ ವಸ್ತುವನ್ನು, ಅದೂ ತೀರಾ ಸ್ವಲ್ಪ. ಆರು ಗಂಟೆಗೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಈ ಸ್ಕ್ಯಾನಿನಿಂದ ಮೈಗೆ ತಗಲುವ ರೇಡಿಯೇಷನ್ ಸುಮಾರು 2 ಮಿಲಿಸೀವರ್ಟ್. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಹೇಗೂ ತಗಲುತ್ತಿರುತ್ತದೆ.

ಸಿಟಿ ಆಗಿದ್ದರೂ ಇದು ಯಾಕೆ? ಹಳೆಯ ಹೆಪ್ಪು ಕರಗದೆ ಸಣ್ಣ ರಕ್ತನಾಳಗಳಲ್ಲಿ ಉಳಿದಿದ್ದರೆ ಸಿಟಿಯಲ್ಲಿ ತಪ್ಪಿಹೋಗಬಹುದು. ಈ ಸ್ಕ್ಯಾನ್ ಅದನ್ನು ಚೆನ್ನಾಗಿ ತೋರಿಸುತ್ತದೆ. ಗಾಳಿ ಎಲ್ಲೆಲ್ಲಿ ಹೋಗುತ್ತಿದೆ, ರಕ್ತ ಎಲ್ಲೆಲ್ಲಿ ಹರಿಯುತ್ತಿದೆ ಎಂದು ಎರಡು ಸಲ ಚಿತ್ರ ತೆಗೆಯುತ್ತೇವೆ. ಗಾಳಿ ಆಡುತ್ತಿದ್ದು ರಕ್ತ ಹರಿಯದ ಜಾಗ ಕಂಡರೆ ಅಲ್ಲಿ ನಾಳ ಕಟ್ಟಿಕೊಂಡಿದೆಯೇನೋ ಅನ್ನುವ ಅನುಮಾನ.

ಇಂಜೆಕ್ಷನ್‌ಗಿಂತ ಮೊದಲ ಭಾಗವೇ ಹೆಚ್ಚಿನವರಿಗೆ ಕಷ್ಟ. ಮೂಗಿಗೆ ಕ್ಲಿಪ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟು, ಟೆಕ್ನೀಶಿಯಂ ಬೆರೆತ ಮಂಜಿನಂಥ ಔಷಧಿಯನ್ನು ಉಸಿರಾಡಲು ಹೇಳುತ್ತೇವೆ. ಮೊದಲೇ ಏದುಸಿರಿದ್ದವರಿಗೆ ಮೂಗು ಮುಚ್ಚಿದರೆ ಗಾಬರಿ ಆಗದೆ ಇರುತ್ತದಾ? ಒಬ್ಬ ಅಜ್ಜಿ ಕ್ಲಿಪ್ ಕಿತ್ತು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಅಂದಿನಿಂದ ಕ್ಲಿಪ್ಪನ್ನು ಮೊದಲು ರೋಗಿಯ ಕೈಗೇ ಕೊಡುತ್ತೇನೆ. ಅವರೇ ಹಾಕಿಕೊಂಡು, ತೆಗೆದು ನೋಡಲಿ. ನಿಮ್ಮ ಅಮ್ಮನೂ ಮನೆಯಲ್ಲಿ ದಿನಾ ಐದು ನಿಮಿಷ ಕೂತು, ಬೆರಳಲ್ಲಿ ಮೂಗು ಹಿಡಿದು ಬಾಯಲ್ಲಿ ನಿಧಾನವಾಗಿ ಉಸಿರಾಡಲಿ. ಸುಸ್ತೆನಿಸಿದರೆ ಬಿಡಲಿ.

ಆಮೇಲೆ ಮಲಗಿಸಿ ಕೈಯ ರಕ್ತನಾಳಕ್ಕೆ ಟೆಕ್ನೀಶಿಯಂ ಇರುವ ಒಂದು ಸೂಜಿ. ರಕ್ತ ತೆಗೆಯುವಾಗ ಆಗುವಷ್ಟೇ ನೋವು. ಗಾಮಾ ಕ್ಯಾಮೆರಾ ಸುರಂಗದ ಹಾಗಿರುವುದಿಲ್ಲ. ಎದೆಯ ಹತ್ತಿರ ಬರುತ್ತದೆ, ಮುಟ್ಟುವುದಿಲ್ಲ. ಅದರಿಂದ ರೇಡಿಯೇಷನ್ ಹೊರಡುವುದಿಲ್ಲ, ಮೈಯಿಂದ ಬರುವುದನ್ನು ಅದು ಹಿಡಿಯುತ್ತದೆ ಅಷ್ಟೇ. ಎಲ್ಲ ಸೇರಿ ಒಂದೂವರೆ ಗಂಟೆ ಹಿಡಿಯಬಹುದು. ಕೈಗಳನ್ನು ತಲೆಯ ಮೇಲೆ ಇಟ್ಟುಕೊಳ್ಳಬೇಕಾಗಬಹುದು. ಭುಜ ನೋವಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟುವುದಿದ್ದರೆ ಮೊದಲೇ ಹೇಳಿ. ಸಹಿಸಿಕೊಂಡು ಸುಮ್ನೆ ಮಲಗುವುದು ಬೇಡ.

ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಬರಲಿ. ಕುತ್ತಿಗೆಯ ಸರ, ರವಿಕೆಯ ಸೇಫ್ಟಿ ಪಿನ್ ತೆಗೆದಿರಲಿ. ತಾಳಿ ತೆಗೆಯಲು ಮನಸ್ಸಿಲ್ಲದಿದ್ದರೆ ಹೇಳಿ, ಎದೆಯ ಮೇಲಿಂದ ಸರಿಸಿ ಇಡುತ್ತೇವೆ. ರಕ್ತ ತೆಳುವಾಗುವ ಮಾತ್ರೆಯನ್ನು ಮಾತ್ರ ಸ್ಕ್ಯಾನಿಗೆಂದು ನೀವಾಗಿ ನಿಲ್ಲಿಸಬೇಡಿ. ಇದನ್ನು ಕೈಮುಗಿದು ಹೇಳುತ್ತಿದ್ದೇನೆ. ಅಷ್ಟರೊಳಗೆ ಉಸಿರಾಟ ಏಕಾಏಕಿ ಜಾಸ್ತಿಯಾದರೆ, ಎದೆನೋವು ಬಂದರೆ, ಸ್ಕ್ಯಾನಿನ ದಿನಕ್ಕೆ ಕಾಯದೆ ಆಸ್ಪತ್ರೆಗೆ ಹೊರಡಿ.

ಮಗುವಿನ ವಿಷಯ. ಅವತ್ತೊಂದು ದಿನ ಗಂಟೆಗಟ್ಟಲೆ ಎತ್ತಿಕೊಳ್ಳುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಬೇಡ. ಅದೇ ಕೋಣೆಯಲ್ಲಿ ಆಡಿಕೊಂಡಿರಲಿ, ಮಾತಾಡಿಸಲಿ. ಅಮ್ಮ ಚೆನ್ನಾಗಿ ನೀರು ಕುಡಿದು ಆಗಾಗ ಮೂತ್ರಕ್ಕೆ ಹೋಗಲಿ. ಹೃದಯ, ಕಿಡ್ನಿಯ ಕಾರಣಕ್ಕೆ ಡಾಕ್ಟರು ನೀರು ಕಡಿಮೆ ಮಾಡಿಸಿದ್ದರೆ ಅಷ್ಟೇ ಸಾಕು. ಇಪ್ಪತ್ತನಾಲ್ಕು ಗಂಟೆಯಲ್ಲಿ ಟೆಕ್ನೀಶಿಯಂ ಹದಿನಾರರಲ್ಲಿ ಒಂದು ಪಾಲಿಗಿಂತ ಕಡಿಮೆ ಉಳಿದಿರುತ್ತದೆ. ಮರುದಿನ ಮೊಮ್ಮಗನನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು.

ಬರುವಾಗ ಹಳೆಯ ಸಿಟಿ ಫಿಲ್ಮ್, ಎದೆಯ ಎಕ್ಸ್‌ರೇ ಮರೆಯದೆ ತನ್ನಿ. ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ರಿಪೋರ್ಟ್ ಸ್ಪಷ್ಟವಾಗುತ್ತದೆ.