ಬೈರಿ ಸಿಸ್ಟರ್, ಆದ್ರೆ ಮೊದ್ಲು ಈ ಡೋಸ್ ನೋಡಿ

ಗುರುತು ಸಿಗಬಾರ್ದು ಅಂತ ಊರು, ವಾರ್ಡು ಎಲ್ಲಾ ಬದಲಾಯಿಸಿದೀನಿ. ಈ ವರ್ಷ ಇದೇ ಕಥೆ ಹೊತ್ಕೊಂಡು ನನ್ನ ಹತ್ರ ಕೌನ್ಸೆಲಿಂಗಿಗೆ ಬಂದ ಮೂರನೇ ನರ್ಸ್ ಇವಳು, ಅದಕ್ಕೇ ಬರೀತಿರೋದು.

ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಉತ್ತರ ಕರ್ನಾಟಕದಿಂದ ಬೆಂಗಳೂರಿನ ಖಾಸಗಿ ಆಸ್ಪತ್ರೆಗೆ ಬಂದ ಹುಡುಗಿ. ನಿದ್ದೆ ಇಲ್ಲ, ಡ್ಯೂಟಿಗೆ ಹೊರಟ್ರೆ ವಾಂತಿ ಬಂದಂಗಾಗುತ್ತೆ. ಇನ್‌ಚಾರ್ಜ್ ಸಿಸ್ಟರ್ ಎಲ್ಲರೆದುರು ಬೈತಾರೆ, ಇವಳ ಮಾತಿನ ಧಾಟಿ ಆಡಿ ತೋರಿಸ್ತಾರೆ, ಎದುರಾಡಿದ್ರೆ ಸಾಲಾಗಿ ನೈಟ್ ಹಾಕ್ತಾರೆ. ನಾನು ಮೊದಲೆರಡು ಸೆಷನ್ ಉಸಿರಾಟದ ಅಭ್ಯಾಸ ಹೇಳ್ಕೊಟ್ಟು ಕಳಿಸ್ದೆ, ಈಗ ನೆನೆಸ್ಕೊಂಡ್ರೆ ನಾಚಿಕೆ ಆಗುತ್ತೆ.

ಮೂರನೇ ಸಲ ಸುಮ್ನೆ ಕೇಳ್ದೆ, ನಿಮ್ಮ ವಾರ್ಡಲ್ಲಿ ನಿಮ್ಮಮ್ಮನ್ನ ಅಡ್ಮಿಟ್ ಮಾಡ್ತೀಯಾ?

"ಇಲ್ರಿ ಮೇಡಂ."

ಆಮೇಲೆ ಒಂದೇ ಉಸಿರಿಗೆ ಹೇಳಿದ್ಲು. ಒಂದು ನೈಟ್ ಡ್ಯೂಟಿ, ಮೂವತ್ತು ಬೆಡ್ಡಿಗೆ ಇಬ್ರು, ಒಬ್ಬ ಅಜ್ಜಂಗೆ 20 ಯೂನಿಟ್ ಇನ್ಸುಲಿನ್ ಕೊಡಬೇಕು. ಟ್ರೇಯಲ್ಲಿದ್ದ ವಯಲ್ (ಔಷಧಿ ಬಾಟ್ಲಿ) ಒಂದು ಎಂಎಲ್‌ಗೆ 100 ಯೂನಿಟ್‌ದು, ಕೈಗೆ ಸಿಕ್ಕಿದ ಸಿರಿಂಜ್ ಕೆಂಪು ಕ್ಯಾಪಿನದು, ಎಂಎಲ್‌ಗೆ 40ರ ಲೆಕ್ಕದ್ದು. ಆ ಸಿರಿಂಜಲ್ಲಿ 20ರ ಗೆರೆಗೆ ಎಳೆದ್ರೆ ಅರ್ಧ ಎಂಎಲ್, ಅಂದ್ರೆ ಈ ವಯಲಿಂದ ಹೋಗೋದು 50 ಯೂನಿಟ್, ಎರಡೂವರೆ ಪಟ್ಟು, ಶುಗರ್ ಇಳಿದು ಜೀವಕ್ಕೇ ಕುತ್ತು. ಡೌಟ್ ಬಂದಿತ್ತಂತೆ, ಇನ್‌ಚಾರ್ಜ್ ಹತ್ತು ಹೆಜ್ಜೆ ದೂರ ಕೂತಿದ್ರು. ಹಿಂದಿನ ವಾರ ಏನೋ ಕೇಳಿದ್ದಕ್ಕೆ ಅಟೆಂಡರ್‌ಗಳ ಮುಂದೆ "ನಿಂಗೆ ಪಾಸ್ ಮಾಡ್ಸಿದೋರು ಯಾರು" ಅಂದಿದ್ರಲ್ಲ, ಕೇಳ್ಲಿಲ್ಲ, ಎಳೆದ್ಲು. ಅಜ್ಜನೇ ತಪ್ಪು ಹಿಡಿದ್ರು, ವರ್ಷಾನುಗಟ್ಲೆ ಮನೇಲಿ ತಾವೇ ಚುಚ್ಕೊಂಡೋರು: "ಬಾಟ್ಲಿ ನೂರರದ್ದು, ಕೆಂಪು ಟೋಪಿ ಯಾಕಮ್ಮ?"

"ಪೇಶಂಟ್‌ಗೆ ಏನಾದೀತು ಅನ್ನೋ ಅಂಜಿಕೆಗಿಂತ ಅಕ್ಕಾರ ಅಂಜಿಕೆ ಜಾಸ್ತಿ ಇತ್ರಿ." ಆಮೇಲೆ ಆಸ್ಪತ್ರೆಯವರು ಸುರಕ್ಷತೆ ಬಗ್ಗೆ ಫಾರ್ಮ್ ಕೊಟ್ಟಾಗ 'ಉತ್ತಮ' ಅಂತ ಟಿಕ್ ಮಾಡಿದಾಳೆ, ಫಾರ್ಮ್ ಇಸ್ಕೊಂಡಿದ್ದೂ ಅದೇ ಇನ್‌ಚಾರ್ಜ್ ಅಕ್ಕ.

ಹುಡುಗಿ ಮೆತ್ತಗಿದಾಳೆ, ಗಟ್ಟಿಯಾಗ್ಬೇಕು ಅಂತ ನನ್ನ ಸಹೋದ್ಯೋಗಿ ಒಬ್ರು ಅಂದ್ರು. ನಾನು ಒಪ್ಪಲ್ಲ. ಬಾಯಿ ಬಿಟ್ರೆ ಅವಮಾನ ಅನ್ನೋ ವಾರ್ಡಲ್ಲಿ ಗಟ್ಟಿ ಹುಡುಗೀನೂ ಒಂದಿನ ಸುಮ್ಮನಾಗ್ತಾಳೆ. ಇನ್‌ಚಾರ್ಜ್ ರಾಕ್ಷಸಿ ಅಂತಾನೂ ನಾನು ಹೇಳ್ತಿಲ್ಲ, ಅವರಿಗೂ ಮೇಲಿನವರ ಬೈಗುಳ ಇದ್ದೇ ಇರುತ್ತೆ.

ರಿಸೈನ್ ಮಾಡು ಅಂತ ನಾನು ಹೇಳ್ಲಿಲ್ಲ, ಅದಕ್ಕೆ ಕೆಲವರಿಗೆ ಸಿಟ್ಟಿದೆ. ಅವಳ ಒರಿಜಿನಲ್ ಸರ್ಟಿಫಿಕೇಟ್ ಆಸ್ಪತ್ರೆಯವರ ಹತ್ರ, ಸಂಬಳದಲ್ಲೇ ತಮ್ಮನ ಫೀಸು, ಏನಂತ ಹೇಳ್ಲಿ? ಬೈಗುಳದ್ದೆಲ್ಲ ತಾರೀಖು, ಯಾರೆದುರು ಅಂತ ನಿನ್ನ ಸ್ವಂತ ಡೈರೀಲಿ ಬರ್ಕೋ ಅಂದೆ (ಕೆಲಸದ ಜಾಗದಲ್ಲಿ ಹೆಣ್ಮಕ್ಕಳ ದೂರು ಕೇಳೋ 2013ರ ಕಾಯ್ದೆಯ ಕಮಿಟಿ ಲೈಂಗಿಕ ಕಿರುಕುಳಕ್ಕೆ ಮಾತ್ರ, ಬರೀ ಬೈಗುಳಕ್ಕೆ ಅಲ್ಲಿ ದಾರಿ ಇಲ್ಲ). ಅಜ್ಜನ ಘಟನೆ ಮಾತ್ರ ಕ್ವಾಲಿಟಿ ವಿಭಾಗಕ್ಕೆ ಇನ್ಸಿಡೆಂಟ್ ಫಾರ್ಮಲ್ಲಿ ಕೊಡು, ಯಾರ ಮೇಲೂ ದೂರು ಬೇಡ, ಎರಡು ತರದ ಸಿರಿಂಜ್ ಒಂದೇ ಟ್ರೇಯಲ್ಲಿವೆ, ಡೋಸ್ ಎರಡನೆಯವರು ನೋಡಿರಲಿಲ್ಲ ಅಂತಷ್ಟೇ. ಮತ್ತೆ ಒಂದು ವಾಕ್ಯ ಬಾಯಿಪಾಠ ಮಾಡಿಸ್ದೆ, ನಾನೇ ಇನ್‌ಚಾರ್ಜ್ ಆಗಿ ಕಿರುಚಿ ಕಿರುಚಿ: "ಬೈರಿ ಸಿಸ್ಟರ್, ಆದ್ರೆ ಮೊದ್ಲು ಈ ಡೋಸ್ ನೋಡಿ." ಮೊದಲ ಸಲ ಅತ್ಲು, ಐದನೇ ಸಲಕ್ಕೆ ನಗು ಬಂತು.

ಫಾರ್ಮ್ ಕೊಟ್ಟು ತಿಂಗಳಾಯ್ತು. ಟ್ರೇ ಬೇರೆ ಬೇರೆ ಆಗಿವೆ. ಇನ್‌ಚಾರ್ಜ್ ಬೈಕೊಂಡೇ ಬಂದು ಡೋಸ್ ನೋಡ್ತಾರಂತೆ. ಸಾಲು ನೈಟ್ ಮಾತ್ರ ನಿಂತಿಲ್ಲ.