ವಿಮೆ ಕೌಂಟರಿನ ಕುರ್ಚಿಗೆ ಪೊಲೀಸ್ ವೆರಿಫಿಕೇಶನ್

ಆಸ್ಪತ್ರೆಗಳ ಆಯುಷ್ಮಾನ್ ಕೌಂಟರಿನಲ್ಲಿ, ಕ್ಲೈಮ್ ವಿಭಾಗದಲ್ಲಿ ಕೂರುವವರ ಹಿನ್ನೆಲೆ ಪರಿಶೀಲನೆ ಬಗ್ಗೆ ಹಾಸನ, ಚಿಕ್ಕಮಗಳೂರು ಕಡೆಯಿಂದ ಒಂದಷ್ಟು ಪತ್ರಗಳು ಬಂದಿವೆ. ಕೆಲಸ ಕೊಡುವವರದ್ದೂ ಇವೆ, ಕೆಲಸ ಕೇಳುವವರದ್ದೂ ಇವೆ.

ಪ್ರಶ್ನೆ: ನಮ್ಮದು ಚಿಕ್ಕ ಆಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನೋಂದಾಯಿಸಿಕೊಂಡಿದ್ದೇವೆ. ವಿಮೆ ಡೆಸ್ಕಿಗೆ ಇಬ್ಬರು ಬೇಕು. ಪೊಲೀಸ್ ವೆರಿಫಿಕೇಶನ್ ಹೇಗೆ ಮಾಡಿಸುವುದು? ಅದೊಂದಿದ್ದರೆ ಸಾಕೇ?
– ಆಡಳಿತಾಧಿಕಾರಿ, ಹಾಸನ

ಉತ್ತರ: ಸಾಲದು, ಆದರೆ ಶುರು ಅಲ್ಲಿಂದಲೇ. ಮೊದಲು ಅಭ್ಯರ್ಥಿಯ ಲಿಖಿತ ಒಪ್ಪಿಗೆ ಪಡೆಯಿರಿ: ಯಾವ ಹುದ್ದೆಗೆ, ಯಾವ ದಾಖಲೆ ನೋಡುತ್ತೀರಿ, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಮೂರು ಸಾಲು ಕನ್ನಡದಲ್ಲಿ ಬರೆದು ಸಹಿ ಹಾಕಿಸಿದರೆ ಆಯಿತು. ಅರ್ಜಿ ಹಾಕುವುದು ಸೇವಾ ಸಿಂಧು ಪೋರ್ಟಲ್‌ನ ಪೊಲೀಸ್ ಇಲಾಖೆ ಸೇವೆಗಳಲ್ಲಿ. ಆನ್‌ಲೈನ್ ಗೊತ್ತಿಲ್ಲದವರು ಗ್ರಾಮ ಒನ್ ಕೇಂದ್ರಕ್ಕೆ ಹೋಗಬಹುದು. ಪಾಸ್‌ಪೋರ್ಟ್ ಕಚೇರಿ 500 ರೂಪಾಯಿ ಶುಲ್ಕಕ್ಕೆ ಕೊಡುವ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ವಿದೇಶಕ್ಕೆ ಹೋಗುವವರಿಗೆ. ಹೆಸರು ಒಂದೇ ಥರ ಕೇಳಿಸುತ್ತದೆಂದು ಅಲ್ಲಿ ದುಡ್ಡು ಕಟ್ಟಿ ಬಂದವರು ಇದ್ದಾರೆ. ನಿಮಗೆ ಬೇಕಾದದ್ದು ಅದಲ್ಲ.

ಎಡವಟ್ಟಾಗುವುದು ವಿಳಾಸದಲ್ಲಿ. ಹುಡುಗನ ಆಧಾರ್ ಅರಕಲಗೂಡು ತಾಲ್ಲೂಕಿನ ಹಳ್ಳಿಯದು. ಎರಡು ವರ್ಷ ಬೆಂಗಳೂರಿನ ಪೀಣ್ಯದಲ್ಲಿದ್ದ, ಈಗ ಹಾಸನದ ಬಾಡಿಗೆ ರೂಮಿನಲ್ಲಿದ್ದಾನೆ. ಅರ್ಜಿಯಲ್ಲಿ ಹಳ್ಳಿಯ ವಿಳಾಸ ಮಾತ್ರ ಕೊಟ್ಟರೆ ವಿಚಾರಣೆ ಆ ಠಾಣೆಗೆ ಹೋಗುತ್ತದೆ. ಬೀಟ್ ಪೊಲೀಸರು ಊರಿಗೆ ಹೋಗಿ ಕೇಳಿದರೆ ‘ಒಳ್ಳೆ ಹುಡುಗ ಸಾರ್, ಊರಲ್ಲೇ ಇರಲ್ಲ’ ಅನ್ನುತ್ತಾರೆ. ವರದಿ ಸ್ವಚ್ಛವಾಗಿ ಬರುತ್ತದೆ, ಪೀಣ್ಯದಲ್ಲಿ ಏನಾಯಿತು ಎಂಬುದು ಬಿಟ್ಟು ಹೋಗುತ್ತದೆ. ಹಾಗಾಗಿ ಕಳೆದ 5 ವರ್ಷದ ಎಲ್ಲ ವಿಳಾಸಗಳನ್ನು, ಎಲ್ಲಿಂದ ಎಲ್ಲಿಯವರೆಗೆ ಎಂಬ ತಿಂಗಳು ಸಮೇತ, ಅಭ್ಯರ್ಥಿಯ ಕೈಬರಹದಲ್ಲೇ ಬರೆಸಿಕೊಳ್ಳಿ. ವರ್ಷಕ್ಕಿಂತ ಹೆಚ್ಚು ಇದ್ದ ವಿಳಾಸವನ್ನು ಅರ್ಜಿಯಲ್ಲೂ ಕಾಣಿಸಿ.

ಎರಡನೆಯದು ನ್ಯಾಯಾಲಯದ ದಾಖಲೆ. ಇ–ಕೋರ್ಟ್ಸ್ ಜಾಲತಾಣದಲ್ಲಿ ಜಿಲ್ಲೆ, ಕೋರ್ಟ್ ಸಂಕೀರ್ಣ ಆರಿಸಿ, ಹೆಸರಿನ ಕನಿಷ್ಠ 3 ಅಕ್ಷರ ಮತ್ತು ವರ್ಷ ಹಾಕಿದರೆ ಬಾಕಿ ಇರುವ, ವಿಲೇವಾರಿಯಾದ ಪ್ರಕರಣಗಳು ಸಿಗುತ್ತವೆ. ಹಾಸನ ನಗರದ ಸಂಕೀರ್ಣ ನೋಡಿ ಸುಮ್ಮನಾಗಬೇಡಿ, ತಾಲ್ಲೂಕು ಕೋರ್ಟುಗಳನ್ನು ಬೇರೆಯಾಗಿಯೇ ಹುಡುಕಬೇಕು.

ಇಲ್ಲಿ ತಾಳ್ಮೆ ಬೇಕು. ನಿಮ್ಮ ಅರ್ಜಿಯಲ್ಲಿ ‘ಎಚ್.ಆರ್. ಮಂಜುನಾಥ’, ಆಧಾರ್‌ನಲ್ಲಿ ‘ಮಂಜುನಾಥ ಎಚ್ ಆರ್’, ಎಫ್‌ಐಆರ್‌ನಲ್ಲಿ ‘ಮಂಜ ಉರುಫ್ ಮಂಜುನಾಥ ಬಿನ್ ರಾಮೇಗೌಡ’ ಎಂದಿರುತ್ತದೆ. ಮೂವರೂ ಒಬ್ಬನೇ ಇರಬಹುದು, ಮೂರು ಬೇರೆ ಮಂದಿಯೂ ಇರಬಹುದು. ತಂದೆಯ ಹೆಸರು, ಊರು, ವಯಸ್ಸು ಮೂರೂ ತಾಳೆಯಾಗದೆ ‘ಇವನೇ’ ಅನ್ನಬೇಡಿ. ತಾಳೆಯಾದರೆ 16 ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ (ಪ್ರತಿ ಕೇಸಿಗೂ ಇರುವ ಪ್ರತ್ಯೇಕ ಗುರುತಿನ ಸಂಖ್ಯೆ) ಬರೆದಿಟ್ಟುಕೊಂಡು ಅಭ್ಯರ್ಥಿಯನ್ನೇ ಕರೆದು ಕೇಳಿ.

ವರದಿ ಬರುವವರೆಗೆ ಕೆಲಸಕ್ಕೆ ಸೇರಿಸಿಕೊಳ್ಳಬಾರದು ಎಂದೇನಿಲ್ಲ. ಟೋಕನ್ ಕೊಡುವುದು, ರೋಗಿಗಳಿಗೆ ದಾರಿ ತೋರಿಸುವುದು ಮಾಡಿಸಿ. ಲಾಗಿನ್ ಮಾತ್ರ ಕೊಡಬೇಡಿ.

ಪ್ರಶ್ನೆ: ಆರು ವರ್ಷದ ಹಿಂದೆ ದೊಡ್ಡಪ್ಪನ ಮನೆಯವರ ಜೊತೆ ಹೊಲದ ಬದುವಿಗೆ ಜಗಳವಾಗಿ, ಅಪ್ಪ, ಅಣ್ಣನ ಜೊತೆ ನನ್ನ ಹೆಸರನ್ನೂ ಸೇರಿಸಿ ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆ) 323 (ಹೊಡೆದದ್ದು), 504 (ಅವಮಾನ), 506 (ಬೆದರಿಕೆ) ಕೇಸ್ ಹಾಕಿದ್ದರು. ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಈಗ ಹೊರಗುತ್ತಿಗೆಯಲ್ಲಿ ಡೇಟಾ ಎಂಟ್ರಿ ಕೆಲಸ ಸಿಕ್ಕಿದೆ. ಫಾರಂನಲ್ಲಿ ‘ಯಾವುದಾದರೂ ಕ್ರಿಮಿನಲ್ ಪ್ರಕರಣದಲ್ಲಿ ಭಾಗಿಯಾಗಿದ್ದೀರಾ?’ ಎಂದಿದೆ. ಮುಗಿದ ಕೇಸ್ ತಾನೇ, ‘ಇಲ್ಲ’ ಎಂದು ಬರೆದರೆ ಆಗದೇ?
– ಓದುಗ, ಹೊಳೆನರಸೀಪುರ

ಉತ್ತರ: ಆಗದು. ಕೇಸಿನಿಂದ ಹೋಗದ ಕೆಲಸ ಆ ‘ಇಲ್ಲ’ದಿಂದ ಹೋದೀತು.

ಕಾನೂನಿನ ಕಣ್ಣಿನಲ್ಲಿ ನಿಮ್ಮ ಸ್ಥಿತಿ ಚೆನ್ನಾಗಿಯೇ ಇದೆ. 323, 504 ಮತ್ತು 506ರ ಮೊದಲ ಭಾಗ ರಾಜಿಗೆ ಅವಕಾಶವಿರುವ ಕಲಂಗಳು. ಕೋರ್ಟಿನಲ್ಲಿ ಹೀಗೆ ರಾಜಿಯಾದರೆ ಅದರ ಪರಿಣಾಮ ಖುಲಾಸೆಯದೇ. ಹಳೆಯ ದಂಡ ಪ್ರಕ್ರಿಯಾ ಸಂಹಿತೆ, ಅಂದರೆ ಸಿಆರ್‌ಪಿಸಿಯ 320(8), 2024ರ ಜುಲೈ 1ರಿಂದ ಅದರ ಜಾಗದಲ್ಲಿ ಜಾರಿಯಲ್ಲಿರುವ ಬಿಎನ್‌ಎಸ್‌ಎಸ್‌ನ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 359(8) ಎರಡೂ ಇದನ್ನೇ ಹೇಳುತ್ತವೆ. ಆದರೆ ಫಾರಂ ಕೇಳಿದ್ದು ‘ಶಿಕ್ಷೆಯಾಗಿದೆಯೇ’ ಎಂದಲ್ಲ, ‘ಭಾಗಿಯಾಗಿದ್ದೀರಾ’ ಎಂದು. ಎಫ್‌ಐಆರ್, ಬಂಧನ, ಚಾರ್ಜ್‌ಶೀಟ್, ಶಿಕ್ಷೆ ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಯಾವುದನ್ನು ಕೇಳಿದ್ದಾರೋ ಅದಕ್ಕೆ ಉತ್ತರ ಬರೆಯಬೇಕು. ‘ಬಿ’ ರಿಪೋರ್ಟ್ (ಆರೋಪಕ್ಕೆ ಆಧಾರವಿಲ್ಲವೆಂದು ಪೊಲೀಸರು ಕೊಡುವ ವರದಿ) ಆಗಿ ಮುಚ್ಚಿದ ಕೇಸಿದ್ದರೂ ಎಫ್‌ಐಆರ್ ಬಗ್ಗೆ ಕೇಳಿದಾಗ ಉತ್ತರ ‘ಹೌದು’.

ಸರ್ಕಾರಿ ನೇಮಕಾತಿಯಲ್ಲಿ ಈ ವಿಷಯಕ್ಕೆ ದಾರಿದೀಪ 2016ರ ಅವತಾರ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು. ಮಾಹಿತಿ ಸತ್ಯವಾಗಿರಬೇಕು, ಮುಚ್ಚಿಡಬಾರದು. ಚಿಲ್ಲರೆ ಸ್ವರೂಪದ ಪ್ರಕರಣವಾದರೆ ಮುಚ್ಚಿಟ್ಟದ್ದನ್ನೂ ನೇಮಕಾತಿ ಅಧಿಕಾರಿ ವಿವೇಚನೆಯಿಂದ ಮನ್ನಿಸಬಹುದು. ಫಾರಂನಲ್ಲಿ ನಿರ್ದಿಷ್ಟವಾಗಿ ಕೇಳದ್ದನ್ನು ಮುಚ್ಚಿಟ್ಟಿರಿ ಎನ್ನುವಂತಿಲ್ಲ. ಖಾಸಗಿ ಏಜೆನ್ಸಿಗೆ ಈ ತೀರ್ಪು ನೇರವಾಗಿ ಅನ್ವಯಿಸದಿದ್ದರೂ ಅಳೆಯುವ ಕೋಲು ಅದೇ.

ಹೀಗೆ ಬರೆಯಿರಿ (34 ಎಂದರೆ ಹಲವರು ಒಂದೇ ಉದ್ದೇಶದಿಂದ ಮಾಡಿದ ಕೃತ್ಯ, ಸಿ.ಸಿ. ಸಂಖ್ಯೆ ಎಂದರೆ ಕೋರ್ಟ್ ಕೊಡುವ ಕೇಸ್ ಸಂಖ್ಯೆ): ‘ಹೌದು. ಜಮೀನಿನ ಬದುವಿನ ತಕರಾರಿಗೆ ಸಂಬಂಧಿಸಿ … ಠಾಣೆ, ಅಪರಾಧ ಸಂಖ್ಯೆ …, ಐಪಿಸಿ ಕಲಂ 323, 504, 506 ಸಹಿತ 34. ನಾನು 3ನೇ ಆರೋಪಿ. ಸಿ.ಸಿ. ಸಂಖ್ಯೆ …, ಲೋಕ ಅದಾಲತ್‌ನಲ್ಲಿ ದಿನಾಂಕ …ರಂದು ರಾಜಿಯಾಗಿ ಮುಕ್ತಾಯ. ಆದೇಶದ ದೃಢೀಕೃತ ನಕಲು ಲಗತ್ತಿಸಿದೆ.’ ಇದಕ್ಕಿಂತ ಒಂದು ಸಾಲೂ ಹೆಚ್ಚು ಬೇಡ. ‘ಅವರದೇ ತಪ್ಪು’ ಎಂಬ ಪುರಾಣ ಯಾರಿಗೂ ಬೇಕಿಲ್ಲ.

ದೃಢೀಕೃತ ನಕಲನ್ನು ಆ ಕೋರ್ಟಿನ ನಕಲು ಶಾಖೆಯಲ್ಲಿ ಸಿ.ಸಿ. ಸಂಖ್ಯೆ ಕೊಟ್ಟು ಪಡೆಯಬೇಕು. ಎರಡು ಪ್ರತಿ ತೆಗೆಸಿ, ಒಂದನ್ನು ಯಾರಿಗೂ ಕೊಡದೆ ಮನೆಯಲ್ಲಿಡಿ. ಪೊಲೀಸ್ ವರದಿಯಲ್ಲಿ ಬರೀ ‘ಪ್ರಕರಣ ದಾಖಲಾಗಿದೆ’ ಎಂದು ಬಂದು, ಮುಕ್ತಾಯವಾದದ್ದು ನಮೂದಾಗದೆ ಹೋಗುವುದುಂಟು. ಆಗ ಕೈಗೆ ಬರುವುದು ಈ ಕಾಗದವೇ.

ಪ್ರಶ್ನೆ: ಹದಿನೇಳನೇ ವಯಸ್ಸಿನಲ್ಲಿ ಬೈಕ್ ಕಳವಿನ ಪ್ರಕರಣವೊಂದು ಬಾಲನ್ಯಾಯ ಮಂಡಳಿಯಲ್ಲಿ ನಡೆದಿತ್ತು. ಅದೂ ಅಡ್ಡ ಬರುತ್ತದೆಯೇ?
– ಹೆಸರು ಬೇಡ, ಕಡೂರು

ಉತ್ತರ: ಬರಬಾರದು. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಂ ಪ್ರಕಾರ ಅಂಥ ಪ್ರಕರಣದಿಂದ ಯಾವ ಅನರ್ಹತೆಯೂ ಅಂಟುವುದಿಲ್ಲ, ದಾಖಲೆಯನ್ನು ನಾಶಪಡಿಸುವುದಕ್ಕೂ ಅದರಲ್ಲೇ ಅವಕಾಶವಿದೆ. ಹದಿನಾರು ದಾಟಿದವರನ್ನು ಘೋರ ಅಪರಾಧಕ್ಕೆ ವಯಸ್ಕರಂತೆ ವಿಚಾರಣೆ ಮಾಡಿದ ಸಂದರ್ಭ ಬೇರೆ. ಬೈಕ್ ಕಳವು ಆ ಗುಂಪಿಗೆ ಸೇರುವುದಿಲ್ಲ. ಮಂಡಳಿಯ ಅಂತಿಮ ಆದೇಶದ ಪ್ರತಿ ಇಟ್ಟುಕೊಂಡಿರಿ, ತೋರಿಸುತ್ತ ತಿರುಗಬೇಡಿ.

ಪ್ರಶ್ನೆ: ನಮ್ಮ ಏಜೆನ್ಸಿ ಆಸ್ಪತ್ರೆಗಳಿಗೆ ಸಿಬ್ಬಂದಿ ಒದಗಿಸುತ್ತದೆ. ಈ ಸಲ ಇಬ್ಬರ ವರದಿ ಕೆಂಪಾಗಿ ಬಂದಿದೆ. ಒಬ್ಬ ದೀಪಾವಳಿಯಲ್ಲಿ ಇಸ್ಪೀಟು ಆಡುವಾಗ ಸಿಕ್ಕಿ ದಂಡ ಕಟ್ಟಿದವನು. ಇನ್ನೊಬ್ಬನ ಮೇಲೆ ಬೇರೆಯವರ ದಾಖಲೆ ಇಟ್ಟು ಸಾಲ ಎತ್ತಿದ ಆರೋಪ, ಕೇಸ್ ಇನ್ನೂ ನಡೆಯುತ್ತಿದೆ. ಶಿಕ್ಷೆಯಾಗದವನನ್ನು ಬಿಡುವುದು, ಶಿಕ್ಷೆಯಾದವನನ್ನು ತೆಗೆದುಕೊಳ್ಳುವುದು ಸರಿಯೇ?
– ಮೇಲ್ವಿಚಾರಕ, ಚಿಕ್ಕಮಗಳೂರು

ಉತ್ತರ: ಈ ಕುರ್ಚಿಯ ಮಟ್ಟಿಗೆ ಸರಿ. ಇಸ್ಪೀಟಿನವನು ತಪ್ಪೊಪ್ಪಿಕೊಂಡು ದಂಡ ಕಟ್ಟಿದ್ದರೆ, ಮೊತ್ತ ಎಷ್ಟೇ ಇರಲಿ, ಅದು ಶಿಕ್ಷೆಯಾದ ಪ್ರಕರಣವೇ. ಬಹಳ ಮಂದಿಗೆ ಇದು ಗೊತ್ತಿಲ್ಲ, ‘ದಂಡ ಕಟ್ಟಿ ಬಂದೆ, ಕೇಸ್ ಏನೂ ಇಲ್ಲ’ ಎಂದು ನಂಬಿ ‘ಇಲ್ಲ’ ಎಂದು ಬರೆದುಬಿಡುತ್ತಾರೆ. ಆದ್ದರಿಂದ ಆ ತಪ್ಪನ್ನು ಸುಳ್ಳೆಂದು ಹಿಡಿಯುವ ಮೊದಲು ಒಮ್ಮೆ ಕೇಳಿ ನೋಡಿ. ಆದರೆ ಇಸ್ಪೀಟಿಗೂ ರೋಗಿಯ ಕಡತಕ್ಕೂ ಸಂಬಂಧವಿಲ್ಲ.

ಎರಡನೆಯವನ ಮೇಲಿನ ಆರೋಪ ಈ ಕೆಲಸದ ಮರ್ಮಕ್ಕೇ ತಾಗುತ್ತದೆ. ಆ ಪರದೆಯ ಮೇಲೆ ಏನಿರುತ್ತದೆ ನೋಡಿ: ರೇಷನ್ ಕಾರ್ಡ್ ಸಂಖ್ಯೆ, ಮನೆಮಂದಿಯ ಹೆಸರು, ಫೋಟೊ, ಆಧಾರ್ ವಿವರ, ಕಾಯಿಲೆ, ಚಿಕಿತ್ಸೆಯ ಪ್ಯಾಕೇಜ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇಡೀ ಮನೆಗೆ ಸೇರಿ. ಒಬ್ಬರ ಕಾರ್ಡಿನಲ್ಲಿ ನಡೆಯದ ಚಿಕಿತ್ಸೆಗೆ ಕ್ಲೈಮ್ ಹಾಕಿದರೆ ಮೊತ್ತ ಅದರಿಂದಲೇ ಕಳೆಯುತ್ತದೆ. ಮನೆಯವರಿಗೆ ಗೊತ್ತಾಗುವುದು ಅಜ್ಜಿಗೆ ಹೃದಯದ ಆಪರೇಷನ್ ಎಂದು ಬಂದು ಕೌಂಟರಿನಲ್ಲಿ ನಿಂತಾಗ.

ಇನ್ನೊಂದು ಹಾನಿಗೆ ಲೆಕ್ಕವೇ ಇಲ್ಲ. ನಮ್ಮವು ಚಿಕ್ಕ ಊರುಗಳು. ಕೊಪ್ಪದ ಒಂದು ಓಣಿಯ ಹೆಂಗಸಿನ ಕಾಯಿಲೆ ಚಿಕ್ಕಮಗಳೂರಿನ ಕೌಂಟರಿನಿಂದ ಸಂಜೆಯ ಬಸ್ಸಿನಲ್ಲಿ ಅದೇ ಓಣಿಗೆ ಮುಟ್ಟಬಹುದು. ಎಚ್‌ಐವಿ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ–ಏಡ್ಸ್ ಕಾಯ್ದೆ, ಮಾನಸಿಕ ಚಿಕಿತ್ಸೆಯ ಮಾಹಿತಿ ಹೊರಹಾಕುವುದನ್ನು ಅದೇ ವರ್ಷದ ಮಾನಸಿಕ ಆರೋಗ್ಯ ಕಾಯ್ದೆ ತಡೆಯುತ್ತವೆ.

ಹಾಗಾಗಿ ವಂಚನೆ, ನಂಬಿಕೆದ್ರೋಹ, ಫೋರ್ಜರಿ (ಹಳೆಯ 420, 406, 468, 471, ಈಗ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ, ಅಂದರೆ ಬಿಎನ್‌ಎಸ್‌ನಲ್ಲಿ 318, 316, 336, 340), ಐಟಿ ಕಾಯ್ದೆಯ 66ಸಿ (ಬೇರೆಯವರ ಗುರುತಿನ ವಿವರ ಕದಿಯುವುದು), 66ಡಿ (ಕಂಪ್ಯೂಟರ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸುವುದು), ಇವು ಬಾಕಿ ಇದ್ದರೂ ಲಾಗಿನ್ ಕೊಡಬೇಡಿ. ಆರೋಪಿ ಅಪರಾಧಿಯಲ್ಲ, ನಿಜ. ಅದಕ್ಕೇ ಹೊರಗೆ ಹಾಕುವ ಬದಲು ಕಂಪ್ಯೂಟರ್ ಇಲ್ಲದ ಜಾಗ ಕೊಡಿ, ತೀರ್ಪು ಬಂದ ಮೇಲೆ ಮತ್ತೆ ನೋಡಿ. ಪ್ರತಿಭಟನೆ, ಬೈಕ್ ಅಪಘಾತ, ಬದುವಿನ ಜಗಳಗಳನ್ನು ಓದಿ ಪಕ್ಕಕ್ಕಿಡಿ. ಪ್ರೊಬೇಷನ್ ಮೇಲೆ (ಜೈಲಿಗೆ ಕಳಿಸದೆ ಸನ್ನಡತೆಯ ಷರತ್ತಿನ ಮೇಲೆ) ಬಿಟ್ಟವರಿದ್ದರೆ 1958ರ ಪ್ರೊಬೇಷನ್ ಕಾಯ್ದೆಯ 12ನೇ ಕಲಂ ನೋಡಿಕೊಳ್ಳಿ: ಶಿಕ್ಷೆಯಾಯಿತೆಂಬ ಒಂದೇ ಕಾರಣಕ್ಕೆ ಅನರ್ಹತೆ ಬರುವುದಿಲ್ಲ.

ಈ ವಿಂಗಡಣೆಯನ್ನು ಅರ್ಜಿ ಕರೆಯುವ ಮುಂಚೆಯೇ ಒಂದು ಪುಟದಲ್ಲಿ ಬರೆದಿಡಿ. ಮಾಹಿತಿ ಭದ್ರತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿಯಲ್ಲಿ, ಅನುಬಂಧ ಎ ಭಾಗದ 6.1ರಲ್ಲಿ ಇರುವುದೂ ಇದೇ: ಪರಿಶೀಲನೆ ಸೇರುವ ಮುಂಚೆ ಆಗಬೇಕು, ಆಮೇಲೂ ಮುಂದುವರಿಯಬೇಕು, ಕೈಗೆ ಸಿಗುವ ಮಾಹಿತಿ ಎಷ್ಟು ಸೂಕ್ಷ್ಮವೋ ಅಷ್ಟಕ್ಕೆ ತಕ್ಕಂತಿರಬೇಕು. ವರದಿ ಕೈಗೆ ಬಂದ ಮೇಲೆ ನಿಯಮ ಹುಡುಕಿದರೆ ಪರಿಚಯದವರ ಹುಡುಗನಿಗೊಂದು, ಪರವೂರಿನವನಿಗೊಂದು ಆಗುತ್ತದೆ.

ಪ್ರಶ್ನೆ: ನಮ್ಮಲ್ಲಿ ಎರಡು ಶಿಫ್ಟ್, ನಾಲ್ವರು ಸಿಬ್ಬಂದಿ, ಲಾಗಿನ್ ಒಂದೇ. ನಾಲ್ವರದ್ದೂ ವೆರಿಫಿಕೇಶನ್ ಆಗಿದೆ. ಆಡಿಟ್‌ಗೆ ಬಂದವರು ಇದಕ್ಕೆ ಆಕ್ಷೇಪಿಸಿದ್ದಾರೆ. ತಪ್ಪೇನು?
– ಓದುಗರು, ಬೇಲೂರು

ಉತ್ತರ: ನಾಲ್ವರಿಗೂ ಮಾಡಿಸಿದ ವೆರಿಫಿಕೇಶನ್ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಬೆಳಗಾದರೆ ಒಂದು ಸುಳ್ಳು ಕ್ಲೈಮ್ ಹೋಗಿರುತ್ತದೆ, ಹಾಕಿದವರು ಯಾರು? ಯಾರು ಯಾವಾಗ ಏನು ಮಾಡಿದರೆಂದು ಕಂಪ್ಯೂಟರ್ ಬರೆದಿಡುವ ಲಾಗ್‌ನಲ್ಲಿ ಕಾಣುವುದು ಒಂದೇ ಹೆಸರು. ಪ್ರಾಮಾಣಿಕರಾದ ಮೂವರೂ ಅನುಮಾನದ ಸಾಲಿನಲ್ಲಿ ನಿಲ್ಲುತ್ತಾರೆ. ನಮ್ಮ ಲೆಕ್ಕದಲ್ಲಿ ಹಳೆಯ 323 ಕೇಸಿಗಿಂತ ಮಾನಿಟರಿಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ ಹೆಚ್ಚು ಅಪಾಯ.

ಒಬ್ಬರಿಗೊಂದು ಐಡಿ ಮಾಡಿಸಿ, ಒಟಿಪಿ ಅವರವರ ಮೊಬೈಲಿಗೇ ಬರಲಿ. ಊಟಕ್ಕೆ ಹೋದವರು ಫೋನಿನಲ್ಲಿ ಒಟಿಪಿ ಹೇಳುವ ರೂಢಿ ನಿಲ್ಲಬೇಕು. ಕೆಲಸ ಬಿಟ್ಟವರ ಐಡಿ ಅದೇ ಸಂಜೆ ಮುಚ್ಚಬೇಕು, ಬಾಕಿ ಸಂಬಳದ ಲೆಕ್ಕ ಮುಗಿಯುವವರೆಗೆ ಕಾಯುವುದಲ್ಲ. ರೋಗಿಯ ಆಧಾರ್, ರೇಷನ್ ಕಾರ್ಡ್ ಫೋಟೊವನ್ನು ಸ್ವಂತ ಫೋನಿನಲ್ಲಿ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅದು ಗುಂಪಿನಲ್ಲಿರುವ ಎಲ್ಲರ ಗ್ಯಾಲರಿಗೆ ಸೇರುತ್ತದೆ. ಆಫೀಸಿನ ಸ್ಕ್ಯಾನರ್ ಬಳಸಿ. ಕೆಟ್ಟ ಜೆರಾಕ್ಸ್ ಪ್ರತಿಗಳನ್ನು ರದ್ದಿಗೆ ಹಾಕಬೇಡಿ, ಶ್ರೆಡರ್‌ಗೆ ಹಾಕಿ. ಕಡಲೆಕಾಯಿ ಪೊಟ್ಟಣದಲ್ಲಿ ಡಿಸ್ಚಾರ್ಜ್ ಸಮ್ಮರಿ ಸಿಗುವುದು ಯಾರಿಗೂ ಮರ್ಯಾದೆಯಲ್ಲ.

ಲಾಗ್‌ಗಳನ್ನು ಕನಿಷ್ಠ 180 ದಿನ ಇಡಬೇಕು, ಮಾಹಿತಿ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್–ಇನ್‌ಗೆ ವರದಿ ಮಾಡಬೇಕು. ಆ ಸಂಸ್ಥೆಯ 2022ರ ಏಪ್ರಿಲ್ 28ರ ನಿರ್ದೇಶನ ಇದು. ಕೆಲಸದ ಕರಾರಿನ ಮೂಲಕ ಸಿಕ್ಕ ಮಾಹಿತಿಯನ್ನು ದುರುದ್ದೇಶದಿಂದ ಹೊರಗೆ ಕೊಟ್ಟವರಿಗೆ ಐಟಿ ಕಾಯ್ದೆಯ 72ಎ ಅಡಿ 3 ವರ್ಷದವರೆಗೆ ಸಜೆಯಿದೆ. ರಕ್ಷಣೆಯಲ್ಲಿ ಲೋಪವಾದರೆ ಸಂಸ್ಥೆಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ.

ಪ್ರಮಾಣಪತ್ರ ಹೇಳುವುದು ಅದು ಬಂದ ದಿನದ ಸ್ಥಿತಿಯನ್ನು. ಪ್ರತಿ ವರ್ಷ ಸ್ವಯಂ ಘೋಷಣೆ ಬರೆಸಿಕೊಳ್ಳಿ, ಗುತ್ತಿಗೆ ನವೀಕರಣದ ಹೊತ್ತಿಗೆ ವೆರಿಫಿಕೇಶನ್ ಮತ್ತೊಮ್ಮೆ ಮಾಡಿಸಿ.

ಪ್ರಶ್ನೆ: ಆಯ್ಕೆಯಾಗದವರ ಪೊಲೀಸ್ ವರದಿ, ಆಧಾರ್ ಪ್ರತಿ ಏನು ಮಾಡುವುದು?
– ಓದುಗರು, ಅರಸೀಕೆರೆ

ಉತ್ತರ: ಒಪ್ಪಿಗೆ ಪತ್ರದಲ್ಲಿ ಹೇಳಿದ ಅವಧಿ ಮುಗಿದ ಕೂಡಲೇ ನಾಶಪಡಿಸಿ, ಯಾವ ದಿನ ಎಂದು ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಿರಿ. ಆಯ್ಕೆಯಾದವರದ್ದು ಹಾಜರಿ ಕಡತದ ಜೊತೆ ಬೇಡ, ಬೀಗದ ಕಪಾಟಿನಲ್ಲಿರಲಿ. ಇನ್ನು ಮುಂದೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಪ್ರತಿಯನ್ನೇ ಕೇಳಿ.

ಪ್ರಶ್ನೆ: ನನ್ನದೇ ಹೆಸರಿನ ಇನ್ನೊಬ್ಬನ ಕೇಸು ನನ್ನ ವರದಿಯಲ್ಲಿ ಬಂದಿದೆ. ಸೇರಬೇಕಾದ ದಿನ ಹತ್ತಿರವಿದೆ.
– ಓದುಗ, ಸಕಲೇಶಪುರ

ಉತ್ತರ: ವರದಿಯಲ್ಲಿರುವ ಠಾಣೆ ಮತ್ತು ಅಪರಾಧ ಸಂಖ್ಯೆ ಹಿಡಿದು ಎಫ್‌ಐಆರ್ ಪ್ರತಿ ಪಡೆಯಿರಿ. ಆರೋಪಿಯ ತಂದೆಯ ಹೆಸರು, ವಯಸ್ಸು, ಊರನ್ನು ನಿಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಜೊತೆ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದು, ಠಾಣೆಗೊಂದು, ಎಸ್‌ಪಿ ಕಚೇರಿಗೊಂದು ಅರ್ಜಿ ಕೊಡಿ. ‘ಆ ವ್ಯಕ್ತಿ ನಾನಲ್ಲ, ಪರಿಶೀಲಿಸಿ ಹಿಂಬರಹ ನೀಡಿ’ ಎಂದು ಕೇಳಿ, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅದೇ ದಿನ ಆ ಸೀಲಿನ ಪ್ರತಿಯನ್ನು ಕೆಲಸ ಕೊಡುವವರಿಗೆ ತಲುಪಿಸಿ ಸಮಯ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ಅದಕ್ಕೆ ಅವರು ಉತ್ತರಿಸಲು 30 ದಿನದ ಗಡುವಿದೆ. ಹಿಂಬರಹ ಬಂದ ಮೇಲೆ ಸೇವಾ ಸಿಂಧುವಿನಲ್ಲಿ ಹೊಸ ಅರ್ಜಿ ಹಾಕುವಾಗ ಅದನ್ನೂ ಜೊತೆಗಿಡಿ, ಇಲ್ಲದಿದ್ದರೆ ಅದೇ ಹೆಸರು ಮತ್ತೆ ತಗುಲಿಕೊಳ್ಳಬಹುದು.